ಲಿಪಿಕಾರನ ತಪ್ಪನ್ನು ಏನು ಮಾಡೋದು?

ಕುದಾಪುರ ನಮ್ಮೂರಿನ ಮಗ್ಗುಲಲ್ಲೇ ಇದೆ. ಚಳ್ಳಕೆರೆ ತಾಲೂಕಿನ ಕುದಾಪುರ ಅಂದ್ರೆ ಈಗ ಎಲ್ಲರಿಗೂ ಐಐಎಸ್‌ಸಿಯ 1500 ಎಕರೆ ಕ್ಯಾಂಪಸ್ಸೇ ನೆನಪಾಗೋದು. ನನಗೆ ಮಾತ್ರ ಅದರ ಹೆಸರಿನದೇ ತಲೆನೋವು. ಒಂದು ಪೇಪರಿನಲ್ಲಿ ಕುದಾಪುರ, ಇನ್ನೊಂದರಲ್ಲಿ ಖುದಾಪುರ. ಪಕ್ಕದ ತಾಲೂಕಿಗೆ ಹೋದರೆ ಮೊಳಕಾಲ್ಮುರು, ಮೊಳಕಾಲ್ಮೂರು, ಬಿಡಿಸಿ ಬರೆದ ಮೊಳಕಾಲ್‌ಮುರು. ಓದುವ ಮನುಷ್ಯನಿಗೆ ಇವೆಲ್ಲ ಒಂದೇ ಊರು, ನಾನು ಬರೆಯುವ ಪ್ರೋಗ್ರಾಮಿಗೆ ಮೂರು ಊರು.

ಕಳೆದ ವರ್ಷ ಕೆಲಸದಲ್ಲಿ ಒಂದು ರೈತರ ಪಟ್ಟಿ ಬಂತು. ಹಿಂದೆ ಯಾರೋ ಟೈಪಿಸಿದ್ದು. ಅನುಸ್ವಾರ ಇರಬೇಕಾದ ಕಡೆಯೆಲ್ಲ ಕನ್ನಡದ ಸೊನ್ನೆ ಒತ್ತಿದ್ದಾರೆ. ರ೦ಗಪ್ಪ, ಗ೦ಗಮ್ಮ. ಕಣ್ಣಿಗೆ ಎರಡೂ ಒಂದೇ, ಯುನಿಕೋಡಿನಲ್ಲಿ ಎರಡಕ್ಕೂ ಬೇರೆ ಬೇರೆ ಸಂಕೇತ. ನನ್ನ ಮೊದಲ ಪ್ರೋಗ್ರಾಮು ಶುದ್ಧ ಮಡಿವಂತ: ಹೆಸರಿನಲ್ಲಿ ಅಂಕಿ ಕಂಡರೆ ಇಡೀ ಸಾಲನ್ನೇ ಆಚೆ ಎಸೆಯಿತು. ಬೈಸಿಕೊಂಡೆ. ಎರಡನೇ ಸಲ ಉದಾರಿಯಾದೆ, ಸೊನ್ನೆ ಕಂಡಲ್ಲೆಲ್ಲ ಅನುಸ್ವಾರ ಮಾಡಿಬಿಟ್ಟೆ. ಸರ್ವೆ ನಂಬರಿನ ಕಾಲಮ್ಮಿನಲ್ಲೂ! ೧೦೨ ಇದ್ದದ್ದು ೧ಂ೨ ಆಯಿತು. ಪರದೆಯ ಮೇಲೆ ನೋಡಿದರೆ ಏನೂ ಗೊತ್ತಾಗಲ್ಲ, ಪ್ರಿಂಟಿನಲ್ಲೂ ಗೊತ್ತಾಗಲ್ಲ. ಮುಂದಿನ ಹಂತದಲ್ಲಿ ಜಮೀನಿನ ಪಟ್ಟಿಯೊಂದಿಗೆ ತಾಳೆ ಹಾಕುವಾಗ ಮಾತ್ರ ಆ ಸಾಲುಗಳು ಸದ್ದಿಲ್ಲದೆ ಉದುರಿಹೋದವು. ಒಂದು ತಿಂಗಳ ಮೇಲೆ ಒಬ್ಬ ಅಜ್ಜ ಮೂರನೇ ಸಲ ಬಂದು "ನನ್ನ ಹೆಸರು ಯಾಕಿಲ್ಲ" ಅಂತ ಕೇಳಿದಾಗಲೇ ನಮಗೆ ಗೊತ್ತಾಗಿದ್ದು. ಮೂಲ ಫೈಲಿನ ಮೇಲೆಯೇ ತಿದ್ದಿ ಉಳಿಸಿದ್ದೆ ಬೇರೆ.

ಆ ಬೇಜಾರಿನಲ್ಲೇ ಹಬ್ಬಕ್ಕೆ ಊರಿಗೆ ಬಂದವನು ಒಂದು ದಿನ ಬೈಕ್ ಹತ್ತಿ ಬ್ರಹ್ಮಗಿರಿಗೆ ಹೋದೆ. ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ - ಈ ಮೂರು ಕಡೆಯ ಅಶೋಕನ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಕ್ರಿಸ್ತಪೂರ್ವ ಮೂರನೇ ಶತಮಾನದವು. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ, ಎಡದಿಂದ ಬಲಕ್ಕೆ. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಅವನು ತನ್ನ ಹೆಸರನ್ನು ಬ್ರಾಹ್ಮಿಯಲ್ಲೇ ಬರೆದು, "ಲಿಪಿಕಾರ" ಅನ್ನುವ ಕೊನೆಯ ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ! ಖರೋಷ್ಠಿ ಅಂದ್ರೆ ಗಾಂಧಾರದ ಕಡೆಯ ಲಿಪಿ. ನಮ್ಮ ಕಡೆ ಅದನ್ನು ಓದಬಲ್ಲವರು ಆಗ ಎಷ್ಟು ಜನ ಇದ್ದರೋ. ಒಂದೇ ಫೈಲಿನಲ್ಲಿ ಎರಡು ಎನ್‌ಕೋಡಿಂಗು ಅಂದ್ರೆ ಇದೇ ತಾನೆ :)

ಅಲ್ಲೇ ನಿಂತು ಯೋಚಿಸಿದೆ. ನನ್ನ ಮೊದಲ ಪ್ರೋಗ್ರಾಮು ಇಲ್ಲಿದ್ದಿದ್ದರೆ ಆ ಒಂದು ಪದಕ್ಕಾಗಿ ಇಡೀ ಶಾಸನವನ್ನೇ ತಿರಸ್ಕರಿಸುತ್ತಿತ್ತು. ಎರಡನೆಯದು ಆ ಪದವನ್ನು ಬ್ರಾಹ್ಮಿಗೆ ತಿದ್ದಿಬಿಡುತ್ತಿತ್ತು. ಆಗ ಓದು ಸಲೀಸಾಗುತ್ತಿತ್ತು ನಿಜ, ಆದ್ರೆ ಚಪಡ ವಾಯವ್ಯದ ಕಡೆ ಕೆಲಸ ಕಲಿತವನಿರಬೇಕು ಅಂತ ವಿದ್ವಾಂಸರು ಊಹಿಸಲು ಇದ್ದ ಒಂದೇ ಎಳೆ ಅಳಿಸಿಹೋಗುತ್ತಿತ್ತು.

ಅಂದ ಹಾಗೆ, ಲಿಪಿಕಾರರು ತಪ್ಪು ಮಾಡುತ್ತಾರೆ ಅನ್ನೋದು ಅಶೋಕನಿಗೂ ಗೊತ್ತಿತ್ತು. ಗಿರ್ನಾರ್ ಮೊದಲಾದ ಕಡೆ ಇರುವ ಅವನ ಹದಿನಾಲ್ಕನೇ ಬಂಡೆ ಶಾಸನದಲ್ಲಿ, ಕೆಲವು ಕಡೆ ಬರಹ ಅಪೂರ್ಣವಾಗಿದ್ದರೆ ಅದಕ್ಕೆ ಲಿಪಿಕಾರನ ತಪ್ಪೂ ಕಾರಣವಿರಬಹುದು ಅಂತ ಅವನೇ ಹೇಳಿಕೊಂಡಿದ್ದಾನೆ. ಕರ್ನೂಲಿನ ಎರ್ರಗುಡಿಯಲ್ಲಂತೂ ಕೆಲವು ಸಾಲು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ ಹೋಗುತ್ತವೆ. ಅದನ್ನೂ ಓದಿದ್ದಾರೆ ಪುಣ್ಯಾತ್ಮರು.

ನಮ್ಮ ಕಸುಬಿನಲ್ಲಿ ಈ ಜಗಳ ಶುರುವಾಗಿದ್ದು ತೀರಾ ಇತ್ತೀಚೆಗೆ. 1980ರಲ್ಲಿ ಜಾನ್ ಪೋಸ್ಟೆಲ್ ಟಿಸಿಪಿಯ ನಿರ್ದೇಶನದಲ್ಲಿ, ಕಳಿಸುವಾಗ ಬಿಗಿಯಾಗಿರಿ, ಸ್ವೀಕರಿಸುವಾಗ ಉದಾರವಾಗಿರಿ ಅನ್ನುವ ಅರ್ಥದ ಮಾತು ಬರೆದರು. ಬ್ರೌಸರುಗಳು ಇದನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡವು ಅಂದ್ರೆ ಎಂಥ ಹರಕು ಎಚ್‌ಟಿಎಮ್‌ಎಲ್ ಕೊಟ್ಟರೂ ಏನೋ ಒಂದು ತೋರಿಸುತ್ತವೆ. ಅದಕ್ಕೆ ರೋಸಿ 1998ರ ಎಕ್ಸ್‌ಎಮ್‌ಎಲ್ ಇನ್ನೊಂದು ತುದಿಗೆ ಹೋಯಿತು, ಒಂದು ಟ್ಯಾಗ್ ಮುಚ್ಚದಿದ್ದರೂ ಅಲ್ಲಿಗೇ ನಿಲ್ಲಬೇಕು ಅಂತ.

ಉದಾರತೆಗೆ ತೆತ್ತ ಬೆಲೆಯೂ ಸಣ್ಣದಲ್ಲ. ಯುಟಿಎಫ್-8ರಲ್ಲಿ ಓರೆಗೆರೆಯನ್ನು ಒಂದು ಬೈಟಿನಲ್ಲಿ ಬರೆಯಬೇಕು. ಎರಡು ಬೈಟಿಗೆ ಎಳೆದು ಬರೆದರೂ ಮೈಕ್ರೋಸಾಫ್ಟಿನ ಐಐಎಸ್ ಸರ್ವರ್ ಓದಿಕೊಳ್ಳುತ್ತಿತ್ತು. ಬಾಗಿಲಲ್ಲಿ ತಪಾಸಣೆ ಮಾಡುವ ಕೋಡಿಗೆ ಅದು ಓರೆಗೆರೆ ಅಂತ ತಿಳಿಯಲಿಲ್ಲ, ಒಳಗೆ ಹೋದ ಮೇಲೆ ಅದು ಓರೆಗೆರೆಯಾಯಿತು. 2000ರಲ್ಲಿ ಈ ತೂತು ಬಯಲಾಯಿತು, ತೇಪೆಯೂ ಬಂತು. ಆದರೂ ತೇಪೆ ಹಾಕಿಕೊಳ್ಳದವರ ಸರ್ವರುಗಳೊಳಗೆ 2001ರಲ್ಲಿ ನಿಮ್ಡಾ ವರ್ಮ್ ಇದೇ ದಾರಿಯಿಂದಲೂ ನುಗ್ಗಿತು. ಅಂಥ ಬರಹವನ್ನು ಓದಲೇಬಾರದು ಅಂತ 2003ರ ಯುಟಿಎಫ್-8 ನಿರ್ದೇಶನದಲ್ಲಿ ಕಟ್ಟುನಿಟ್ಟಾಯಿತು. ಯಾರೋ ಕೆಟ್ಟವರು ಬರೆದಿರಬಹುದಾದಲ್ಲಿ ಬಿಗಿ ಬೇಕೇ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದ್ರೆ ರಂಗಪ್ಪನ ಹೆಸರಿನಲ್ಲಿ ಸೊನ್ನೆ ಒತ್ತಿದ ಟೈಪಿಸ್ಟು ಕಳ್ಳನಲ್ವಲ್ಲ.

ಊರಿಂದ ವಾಪಸು ಬಂದ ಮೇಲೆ ಎಪಿಗ್ರಾಫಿಯಾ ಇಂಡಿಕಾದ ಹಳೇ ಸಂಪುಟಗಳನ್ನು ತಿರುವಿದೆ. ಶಾಸನ ಓದುವವರು ಇದನ್ನು ನಮಗಿಂತ ಎಷ್ಟೋ ಮೊದಲೇ ಬಗೆಹರಿಸಿಕೊಂಡಿದ್ದಾರೆ! ಕಲ್ಲಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಅಚ್ಚು ಮಾಡುತ್ತಾರೆ. ತಪ್ಪಕ್ಷರ ಇದ್ದರೆ ಅದರ ಪಕ್ಕ ದುಂಡು ಕಂಸದಲ್ಲಿ ಸರಿಯಾದದ್ದು. ಸವೆದು ಮಸುಕಾಗಿದ್ದರೆ ಚೌಕ ಕಂಸ. ಎಸೆಯೋದೂ ಇಲ್ಲ, ಗುಟ್ಟಾಗಿ ತಿದ್ದೋದೂ ಇಲ್ಲ.

ಯುನಿಕೋಡಿನವರು ಕೂಡ ಕನ್ನಡದ ವಿಷಯದಲ್ಲೇ ಹೀಗೆ ಮಾಡಬೇಕಾಗಿ ಬಂತು. ಹಳಗನ್ನಡದ ೞ ಅಕ್ಷರಕ್ಕೆ ಅವರ ಪಟ್ಟಿಯಲ್ಲಿ ಇರುವ ಹೆಸರು "ಫಾ"! ಯಾವ ಲಿಪಿಕಾರನ ತಪ್ಪೋ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಅನ್ನೋದು ಅವರ ನಿಯಮ. ಹಾಗಾಗಿ ತಪ್ಪು ಹೆಸರು ಇವತ್ತಿಗೂ ಅಲ್ಲೇ ಇದೆ, ಅದರ ಪಕ್ಕದಲ್ಲಿ ಅಧಿಕೃತವಾಗಿ ತಿದ್ದಿದ ಇನ್ನೊಂದು ಹೆಸರು ಇದೆ.

ಈಗ ನನ್ನ ಪ್ರೋಗ್ರಾಮಿನಲ್ಲಿ ಮೂರು ಕಾಲಮ್ಮುಗಳಿವೆ. ಬಂದದ್ದು ಬಂದ ಹಾಗೆ, ಅದನ್ನು ಮುಟ್ಟುವಂತಿಲ್ಲ. ಪಕ್ಕದಲ್ಲಿ ನಾನು ಓದಿಕೊಂಡದ್ದು. ಅದರ ಪಕ್ಕ, ಯಾವ ನಿಯಮದಿಂದ ಹಾಗೆ ಓದಿದೆ ಅಂತ. ಅನುಮಾನ ಇದ್ದದ್ದು ಮನುಷ್ಯರ ಕಣ್ಣಿಗೆ ಹೋಗುತ್ತದೆ, ಕಸದ ಬುಟ್ಟಿಗಲ್ಲ. ಆ ಅಜ್ಜನ ಸಾಲು ಸರಿಯಾಯಿತು. ನಾನು ತಿದ್ದಿ ಕೆಡಿಸಿದ ಇನ್ನೊಂದಷ್ಟು ಸಾಲುಗಳನ್ನು ಕಾಗದದ ಪಹಣಿ ತರಿಸಿಕೊಂಡು ಒಂದೊಂದಾಗಿ ಹೋಲಿಸುತ್ತಾ ಕೂತಿದ್ದೇನೆ, ಇನ್ನೂ ಮುಗಿದಿಲ್ಲ.