ಕರ್ನಾಟಕದಲ್ಲಿ ವಿಂಟೇಜ್ ಕಾರುಗಳ ಪುನರುಜ್ಜೀವನ

ವಿಂಟೇಜ್ ಕಾರು ಪುನರುಜ್ಜೀವನ ಎಂಬುದು ಬಳಕೆಯಿಂದ ಹೊರಗುಳಿದ ಅಥವಾ ಶಿಥಿಲಗೊಂಡ ಹಳೆಯ ಕಾರನ್ನು ಅದರ ಮೂಲ ರೂಪಕ್ಕೆ, ಓಡುವ ಸ್ಥಿತಿಗೆ ಮರಳಿ ತರುವ ಕೆಲಸ. ಕರ್ನಾಟಕದಲ್ಲಿ ಈ ಕೆಲಸವು ವೃತ್ತಿಪರ ಕಾರ್ಯಾಗಾರಗಳಲ್ಲಷ್ಟೇ ಅಲ್ಲದೆ ಮನೆಯ ಗ್ಯಾರೇಜು, ತೋಟದ ಶೆಡ್ಡುಗಳಲ್ಲಿಯೂ ಹವ್ಯಾಸವಾಗಿ ನಡೆಯುತ್ತದೆ. ಕಾರನ್ನು ಮೊದಲಿದ್ದಂತೆಯೇ ಉಳಿಸುವುದೋ ಅಥವಾ ಇಂದಿನ ಬಳಕೆಗೆ ತಕ್ಕಂತೆ ಬದಲಿಸುವುದೋ ಎಂಬುದು ಇದರ ಮೂಲಭೂತ ಪ್ರಶ್ನೆ. ಆ ನಿರ್ಧಾರದ ಮೇಲೆ ಕಾರಿನ ಐತಿಹಾಸಿಕ ಮೌಲ್ಯ ಮಾತ್ರವಲ್ಲದೆ ಅದರ ನೋಂದಣಿಯ ಸಿಂಧುತ್ವವೂ ನಿಂತಿದೆ.

ಪರಿಭಾಷೆ

'ವಿಂಟೇಜ್' ಎಂಬ ಪದಕ್ಕೆ ಎಲ್ಲೆಡೆ ಒಂದೇ ಅರ್ಥವಿಲ್ಲ. ಬ್ರಿಟನ್ನಿನ ಸಂಪ್ರದಾಯದಲ್ಲಿ ಇದು 1919ರಿಂದ 1930ರವರೆಗೆ ತಯಾರಾದ ಕಾರುಗಳಿಗೆ ಸಲ್ಲುತ್ತದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ, 30 ವರ್ಷ ಮೀರಿದ, ಐತಿಹಾಸಿಕವಾಗಿ ಸರಿಯಾದ ಸ್ಥಿತಿಯಲ್ಲಿರುವ, ದಿನನಿತ್ಯದ ಸಾರಿಗೆಗೆ ಬಳಸದ ವಾಹನವನ್ನು ಐತಿಹಾಸಿಕ ವಾಹನವೆಂದು ಪರಿಗಣಿಸುತ್ತದೆ. ಭಾರತದ ಕಾನೂನಿನಲ್ಲಿ ವಿಂಟೇಜ್ ಎನಿಸಿಕೊಳ್ಳಲು ಮೊದಲ ನೋಂದಣಿಯಿಂದ 50 ವರ್ಷ ಕಳೆದಿರಬೇಕು.

ಹಳೆಯ ಕಾರಿನ ಮೇಲೆ ನಡೆಯುವ ಕೆಲಸವನ್ನು ಮೂರು ಬಗೆಯಾಗಿ ವಿಂಗಡಿಸಬಹುದು:

* ಸಂರಕ್ಷಣೆ: ಇರುವ ಸ್ಥಿತಿ ಮತ್ತಷ್ಟು ಕೆಡದಂತೆ ಕಾಪಾಡುವುದು. ಮೂಲ ಬಣ್ಣ, ಮೂಲ ಆಸನ, ಸವೆತದ ಗುರುತುಗಳನ್ನೂ ಉಳಿಸಲಾಗುತ್ತದೆ.
* ಪುನರುಜ್ಜೀವನ: ಕೆಟ್ಟ ಭಾಗಗಳನ್ನು ದುರಸ್ತಿ ಮಾಡಿ, ಇಲ್ಲದ ಭಾಗಗಳನ್ನು ಅದೇ ಮಾದರಿಯವುಗಳಿಂದ ತುಂಬಿ, ತಯಾರಕರು ನೀಡಿದ್ದ ರೂಪಕ್ಕೆ ತರುವುದು.
* ಮಾರ್ಪಾಡು: ಎಂಜಿನ್, ಬ್ರೇಕ್, ಹೊರಕವಚ ಮುಂತಾದವನ್ನು ಮೂಲದಲ್ಲಿ ಇಲ್ಲದ ರೀತಿಯಲ್ಲಿ ಬದಲಿಸುವುದು.

ಫೀವಾದ ಟ್ಯೂರಿನ್ ಸನ್ನದು ಈ ವಿಷಯದಲ್ಲಿ ಮಾರ್ಗದರ್ಶಿಯಾಗಿದೆ. ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದಿನ ತತ್ವಗಳನ್ನು ಇದು ವಾಹನಗಳಿಗೆ ಅನ್ವಯಿಸುತ್ತದೆ. ಆದಷ್ಟು ಕಡಿಮೆ ಬದಲಿಸುವುದು, ಮಾಡಿದ ಕೆಲಸವನ್ನು ದಾಖಲಿಸುವುದು ಇದರ ಸಾರ.

ರಾಜ್ಯದಲ್ಲಿ ಕಾಣಸಿಗುವ ಹಳೆಯ ಕಾರುಗಳು

ಮೈಸೂರು ಅರಸರ ಕಾಲದ ರೋಲ್ಸ್-ರಾಯ್ಸ್‌ನಂತಹ ಕಾರುಗಳು ಸಂಗ್ರಾಹಕರ ಸ್ವತ್ತಾಗಿವೆ. ಮನೆಯ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಜೀವ ಪಡೆಯುವವು ಸ್ವಾತಂತ್ರ್ಯಾನಂತರ ಭಾರತದಲ್ಲಿಯೇ ತಯಾರಾದ ಕಾರುಗಳು.

ಅಂಬಾಸಿಡರ್ ಕಾರನ್ನು ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1958ರಿಂದ 2014ರವರೆಗೆ ತಯಾರಿಸಿತು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿ ಇದರ ಮೂಲ. 1489 ಘನ ಸೆಂ.ಮೀ. ಪೆಟ್ರೋಲ್ ಎಂಜಿನ್ ಬಹುಕಾಲ ಇದರಲ್ಲಿತ್ತು. ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ ತಯಾರಿಸಿದ ಫಿಯೆಟ್ 1100 ಕಾರು 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. ಇದರ ಎಂಜಿನ್ 1089 ಘನ ಸೆಂ.ಮೀ. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸಂಸ್ಥೆಯು 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಹೊರತಂದಿತು.

ಇವುಗಳ ರಚನೆಯಲ್ಲಿರುವ ಒಂದು ವ್ಯತ್ಯಾಸವು ದುರಸ್ತಿಗೆ ಮುಖ್ಯವಾದುದು. ಹೆರಾಲ್ಡ್ ಕಾರಿಗೆ ಪ್ರತ್ಯೇಕ ಚಾಸಿಸ್ ಇದೆ. ಹೊರಕವಚವನ್ನು ಬೋಲ್ಟು ಬಿಚ್ಚಿ ಎತ್ತಿಡಬಹುದು. ಅಂಬಾಸಿಡರ್ ಮತ್ತು ಫಿಯೆಟ್‌ಗಳಲ್ಲಿ ಹೊರಕವಚವೇ ಭಾರ ಹೊರುವ ಅಂಗ. ಆದುದರಿಂದ ಅವುಗಳ ನೆಲಹಾಳೆ ಅಥವಾ ಬಾಗಿಲಡಿಯ ಪಟ್ಟಿಗೆ ತುಕ್ಕು ಹಿಡಿದರೆ ಕಾರಿನ ಬಲವೇ ಕುಂದುತ್ತದೆ.

ಮನೆಯ ಗ್ಯಾರೇಜಿನಲ್ಲಿ ಕೆಲಸದ ಕ್ರಮ

ಪರೀಕ್ಷೆ ಮತ್ತು ದಾಖಲೆ

ಕಾರನ್ನು ಕೊಳ್ಳುವ ಮುನ್ನ ನೋಂದಣಿ ಪತ್ರದಲ್ಲಿರುವ ಚಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ಕಾರಿನ ಮೇಲೆ ಕೊರೆದಿರುವ ಸಂಖ್ಯೆಗಳೊಡನೆ ಹೋಲಿಸಬೇಕು. ಡೀಸೆಲ್ ಅಗ್ಗವಾಗಿದ್ದ ದಶಕಗಳಲ್ಲಿ ಅನೇಕ ಪೆಟ್ರೋಲ್ ಕಾರುಗಳಿಗೆ ಡೀಸೆಲ್ ಎಂಜಿನ್ ಕೂರಿಸಲಾಗಿತ್ತು. ಅಂಥ ಕಾರಿಗೆ ಮೂಲ ಎಂಜಿನ್ ಹುಡುಕುವುದು ಪುನರುಜ್ಜೀವನದ ಅತಿ ಕಷ್ಟದ ಭಾಗವಾಗುತ್ತದೆ. ಬಾಗಿಲಡಿ, ನೆಲಹಾಳೆ, ಡಿಕ್ಕಿಯ ತಳ, ಮಡ್‌ಗಾರ್ಡಿನ ಒಳಭಾಗಗಳಲ್ಲಿ ತುಕ್ಕು ಹೆಚ್ಚು. ಪುಟ್ಟಿ ಬಳಿದು ಮುಚ್ಚಿದ ಜಾಗಕ್ಕೆ ಅಯಸ್ಕಾಂತ ಅಂಟುವುದಿಲ್ಲವಾದ್ದರಿಂದ ಸಣ್ಣ ಅಯಸ್ಕಾಂತವೊಂದು ಈ ಪರೀಕ್ಷೆಗೆ ಸಾಕು.

ಬಿಚ್ಚುವಿಕೆ

ಪ್ರತಿ ಭಾಗವನ್ನು ಬಿಚ್ಚುವ ಮೊದಲು ಛಾಯಾಚಿತ್ರ ತೆಗೆದು, ಬೋಲ್ಟುಗಳನ್ನು ಚೀಟಿ ಅಂಟಿಸಿದ ಡಬ್ಬಿಗಳಲ್ಲಿ ಇಡುವುದು ರೂಢಿ. ಮನೆಯಲ್ಲಿ ಆರಂಭವಾಗಿ ಅರ್ಧಕ್ಕೆ ನಿಲ್ಲುವ ಕೆಲಸಗಳಿಗೆ ಹಣದ ಕೊರತೆಯಷ್ಟೇ, ಬಿಚ್ಚಿದ ಭಾಗಗಳ ಗುರುತು ತಪ್ಪುವುದೂ ಕಾರಣ. ಹಳೆಯ ಬ್ರಿಟಿಷ್ ಕಾರುಗಳ ನಟ್ಟು ಬೋಲ್ಟುಗಳು ಇಂಚಿನ ಅಳತೆಯವು, ಫಿಯೆಟ್‌ನವು ಮಿಲಿಮೀಟರ್ ಅಳತೆಯವು. ಅಳತೆ ಹೊಂದದ ಸ್ಪ್ಯಾನರ್ ಬಳಸಿದರೆ ಬೋಲ್ಟಿನ ಮೂಲೆಗಳು ಸವೆಯುತ್ತವೆ.

ಎಂಜಿನ್

ವರ್ಷಗಳಿಂದ ನಿಂತ ಎಂಜಿನ್ನನ್ನು ಬ್ಯಾಟರಿ ಜೋಡಿಸಿ ಒಮ್ಮೆಲೇ ತಿರುಗಿಸಬಾರದು. ಸ್ಪಾರ್ಕ್ ಪ್ಲಗ್ ತೆಗೆದು, ಸಿಲಿಂಡರುಗಳೊಳಗೆ ತೆಳು ಎಣ್ಣೆ ಬಿಟ್ಟು, ಕೆಲವು ದಿನ ನೆನೆಯಲು ಬಿಟ್ಟು, ಆಮೇಲೆ ಕೈಯಿಂದ ತಿರುಗಿಸಿ ನೋಡಬೇಕು. ಹಾಗೆ ಮಾಡದಿದ್ದರೆ ಅಂಟಿಕೊಂಡ ಪಿಸ್ಟನ್ ರಿಂಗ್ ಮುರಿದು ಸಿಲಿಂಡರಿನ ಗೋಡೆಯನ್ನು ಗೀರುತ್ತದೆ. ಸಿಲಿಂಡರ್ ಸವೆದಿದ್ದರೆ ಲೇತ್ ಕೆಲಸದ ಅಂಗಡಿಯಲ್ಲಿ ಬೋರ್ ಮಾಡಿಸಿ, ಇಂಚಿನ ಸಾವಿರದ 10, 20, 30 ಅಥವಾ 40 ಭಾಗದಷ್ಟು ದೊಡ್ಡದಾದ ಪಿಸ್ಟನ್ ಕೂರಿಸಲಾಗುತ್ತದೆ. ಪ್ರತಿ ಬಾರಿ ಬೋರ್ ಮಾಡಿದಾಗಲೂ ಸಿಲಿಂಡರಿನ ಗೋಡೆ ತೆಳುವಾಗುವುದರಿಂದ ಇದನ್ನು ಕೆಲವೇ ಬಾರಿ ಮಾಡಲು ಸಾಧ್ಯ.

ಹೊರಕವಚ ಮತ್ತು ಬಣ್ಣ

ತುಕ್ಕು ತಿಂದ ತಗಡನ್ನು ಕತ್ತರಿಸಿ, ಹೊಸ ತಗಡನ್ನು ಅದೇ ಆಕಾರಕ್ಕೆ ಬಡಿದು ಬೆಸೆಯುವ ಕೆಲಸವನ್ನು ಟಿಂಕರಿಂಗ್ ಎನ್ನುತ್ತಾರೆ. ತುಕ್ಕಿನ ಮೇಲೆಯೇ ಪುಟ್ಟಿ ಬಳಿದು ಬಣ್ಣ ಹೊಡೆದರೆ ತುಕ್ಕು ಒಳಗೊಳಗೇ ಹರಡಿ, ಬೇಗನೆ ಬಣ್ಣ ಉಬ್ಬಿ ಕಳಚುತ್ತದೆ. ಡ್ಯಾಶ್‌ಬೋರ್ಡಿನ ಹಿಂಬದಿ, ಬಾಗಿಲಿನ ಒಳಭಾಗಗಳಲ್ಲಿ ಉಳಿದಿರುವ ಬಣ್ಣವು ಕಾರಿನ ಮೂಲ ಬಣ್ಣವನ್ನು ತಿಳಿಸುತ್ತದೆ.

ಬ್ರೇಕ್ ಮತ್ತು ವಿದ್ಯುತ್

ಬ್ರೇಕಿನ ರಬ್ಬರ್ ಭಾಗಗಳು, ಹೋಸುಗಳು ನೋಡಲು ಚೆನ್ನಾಗಿದ್ದರೂ ಎಲ್ಲವನ್ನೂ ಬದಲಿಸಬೇಕಾಗುತ್ತದೆ. ಇಲ್ಲಿ ಹಳೆಯದನ್ನು ಉಳಿಸುವ ತತ್ವ ಅನ್ವಯಿಸುವುದಿಲ್ಲ. ಬಟ್ಟೆ ಸುತ್ತಿದ ಹಳೆಯ ತಂತಿಗಳು ಒಣಗಿ ಪುಡಿಯಾಗಿ ಬೆಂಕಿಗೆ ಕಾರಣವಾಗಬಲ್ಲವು. 1950ರ ದಶಕದ ಹಲವು ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಕಾರಿನ ಕವಚಕ್ಕೆ ಜೋಡಿಸಲಾಗುತ್ತಿತ್ತು. ಇದನ್ನು ಅರಿಯದೆ ಇಂದಿನ ರೀತಿಯಲ್ಲಿ ಬ್ಯಾಟರಿ ಜೋಡಿಸಿದರೆ ಉಪಕರಣಗಳು ಕೆಡುತ್ತವೆ.

ಬಿಡಿಭಾಗಗಳು

ಬೆಂಗಳೂರಿನ ಜೆ.ಸಿ. ರಸ್ತೆ ವಾಹನಗಳ ಬಿಡಿಭಾಗಗಳಿಗೆ, ಶಿವಾಜಿನಗರದ ಗುಜರಿ ಅಂಗಡಿಗಳು ಬಳಸಿದ ಭಾಗಗಳಿಗೆ ಹೆಸರಾಗಿವೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಂತಹ ಊರುಗಳ ಹವ್ಯಾಸಿಗಳಿಗೂ ಇವೇ ಹತ್ತಿರದ ದೊಡ್ಡ ಮಾರುಕಟ್ಟೆಗಳು. ಎಲ್ಲಿಯೂ ದೊರೆಯದ ಬುಷ್, ಪಿನ್ ಮುಂತಾದ ಭಾಗಗಳನ್ನು ಮಾದರಿ ಕೊಟ್ಟು ಲೇತಿನಲ್ಲಿ ಮಾಡಿಸಬಹುದು.

ಇಂಧನದ ಸಮಸ್ಯೆ

ಹಳೆಯ ಎಂಜಿನ್ನುಗಳು ಸೀಸ ಬೆರೆತ ಪೆಟ್ರೋಲಿಗಾಗಿ ರೂಪಿತವಾದವು. ಸೀಸವು ವಾಲ್ವ್ ಕೂರುವ ಜಾಗವನ್ನು ಸವೆತದಿಂದ ಕಾಯುತ್ತಿತ್ತು. ಭಾರತದಲ್ಲಿ 2000ದಲ್ಲಿ ಸೀಸಯುಕ್ತ ಪೆಟ್ರೋಲ್ ನಿಂತಿತು. ಅಂದಿನಿಂದ ಎಂಜಿನ್ ಬಿಚ್ಚಿದಾಗ ಗಡಸು ಉಕ್ಕಿನ ವಾಲ್ವ್ ಸೀಟುಗಳನ್ನು ಹಾಕಿಸುವುದು ವಾಡಿಕೆಯಾಗಿದೆ.

ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ದೇಶಕ್ಕೆ ಪರಿಚಯಿಸಲಾಯಿತು. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಳೆಯ ಬಗೆಯ ರಬ್ಬರ್ ಹೋಸು, ಪಂಪಿನ ಪೊರೆ, ಗ್ಯಾಸ್ಕೆಟ್‌ಗಳನ್ನು ಮೆದುಗೊಳಿಸುತ್ತದೆ. ಎಥೆನಾಲ್ ತಾಳುವ ಹೋಸುಗಳನ್ನು ಹಾಕುವುದು, ಕಾರನ್ನು ಬಹುಕಾಲ ನಿಲ್ಲಿಸುವಾಗ ಟ್ಯಾಂಕಿಯ ಇಂಧನವನ್ನು ತೆಗೆಯುವುದು ಇದಕ್ಕೆ ಪರಿಹಾರ.

ಮಾರ್ಪಾಡಿನ ಮಿತಿ

ಮಾರ್ಪಾಡುಗಳಲ್ಲಿ ಹಿಂದಿರುಗಿಸಬಹುದಾದವು, ಹಿಂದಿರುಗಿಸಲಾಗದವು ಎಂಬ ಎರಡು ಬಗೆಗಳಿವೆ. ಡೈನಮೋ ಬದಲು ಆಲ್ಟರ್ನೇಟರ್, ಪಾಯಿಂಟುಗಳ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಮೊದಲ ಬಗೆಯವು. ಮೂಲ ಭಾಗವನ್ನು ಜೋಪಾನವಾಗಿಟ್ಟರೆ ಮುಂದಿನ ಮಾಲೀಕರೂ ಕಾರನ್ನು ಹಿಂದಿನ ಸ್ಥಿತಿಗೆ ತರಬಹುದು. ಮಾಡನ್ನು ಕತ್ತರಿಸುವುದು, ಚಾಸಿಸ್ ಕುಯ್ಯುವುದು, ದೊಡ್ಡ ಎಂಜಿನ್ನಿಗಾಗಿ ಒಳತಗಡುಗಳನ್ನು ಕತ್ತರಿಸುವುದು ಎರಡನೆಯ ಬಗೆಯವು. ಇವುಗಳಿಂದ ಕಳೆದುಹೋದ ಮೂಲ ರೂಪವನ್ನು ಎಷ್ಟೇ ಖರ್ಚು ಮಾಡಿದರೂ ಪೂರ್ಣವಾಗಿ ಪಡೆಯಲಾಗದು.

ಪೆಟ್ರೋಲ್ ಎಂಜಿನ್ ತೆಗೆದು ವಿದ್ಯುತ್ ಮೋಟಾರ್ ಅಳವಡಿಸುವುದು ಇತ್ತೀಚಿನ ಪ್ರವೃತ್ತಿ. ಇದಕ್ಕೆ ಅನುಮೋದಿತ ಕಿಟ್ ಮತ್ತು ನೋಂದಣಿ ಪ್ರಾಧಿಕಾರದ ಒಪ್ಪಿಗೆ ಬೇಕು. ಮೂಲ ಎಂಜಿನ್ ಕಳೆದುಕೊಂಡ ಕಾರು ವಿಂಟೇಜ್ ವರ್ಗಕ್ಕೆ ಸೇರಲಾರದು.

ಕಾನೂನು

ಮೋಟಾರು ವಾಹನಗಳ ಕಾಯ್ದೆ, 1988ರ 52ನೆಯ ಪ್ರಕರಣದ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. 2019ರ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಿದೆ.

ವಿಂಟೇಜ್ ವಾಹನಗಳಿಗಾಗಿ ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ಪ್ರತ್ಯೇಕ ನಿಯಮಗಳನ್ನು ಪ್ರಕಟಿಸಿತು. ಅವುಗಳ ಮುಖ್ಯಾಂಶಗಳು:

* ವಾಹನವು 50 ವರ್ಷ ಮೀರಿದ, ವಾಣಿಜ್ಯೇತರ ಬಳಕೆಯ ದ್ವಿಚಕ್ರ ಅಥವಾ ನಾಲ್ಕು ಚಕ್ರದ ವಾಹನವಾಗಿರಬೇಕು.
* ಮೂಲ ರೂಪದಲ್ಲಿರಬೇಕು; ಚಾಸಿಸ್, ಹೊರಕವಚ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು.
* ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ. ಅವಧಿ 10 ವರ್ಷ. ಮರುನೋಂದಣಿಯ ಶುಲ್ಕ 5,000 ರೂಪಾಯಿ.
* ಈಗಾಗಲೇ ನೋಂದಣಿಯಾದ ವಾಹನ ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಣಿಯಾಗುವವುಗಳ ಸಂಖ್ಯೆಯಲ್ಲಿ ರಾಜ್ಯದ ಸಂಕೇತದ ನಂತರ 'ವಿಎ' ಎಂಬ ಅಕ್ಷರಗಳಿರುತ್ತವೆ.
* ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು ಮತ್ತು ದುರಸ್ತಿಗಾಗಿ ಮಾತ್ರ ರಸ್ತೆಗೆ ತರಬಹುದು. ನಿತ್ಯದ ಓಡಾಟಕ್ಕೆ ಅವಕಾಶವಿಲ್ಲ.

50 ವರ್ಷ ತುಂಬದ ಅಥವಾ ದಿನನಿತ್ಯ ಬಳಸಬೇಕಾದ ಕಾರಿಗೆ ಸಾಮಾನ್ಯ ನಿಯಮಗಳೇ ಅನ್ವಯಿಸುತ್ತವೆ. 15 ವರ್ಷಗಳ ನಂತರ ಅರ್ಹತಾ ಪರೀಕ್ಷೆ ಮಾಡಿಸಿ, ನೋಂದಣಿಯನ್ನು 5 ವರ್ಷಗಳಿಗೊಮ್ಮೆ ನವೀಕರಿಸಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಈ ಕೆಲಸಗಳು ಚಿಕ್ಕಬಳ್ಳಾಪುರ (ಕೆಎ-40) ಮತ್ತು ಚಿಂತಾಮಣಿ (ಕೆಎ-67) ಸಾರಿಗೆ ಕಚೇರಿಗಳಲ್ಲಿ ನಡೆಯುತ್ತವೆ.

ನಂದಿ ಪ್ರದೇಶದ ವಿಶೇಷಗಳು

ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿ ಬೆಟ್ಟದ ತಿರುವು ರಸ್ತೆಯು ಹಳೆಯ ಕಾರಿನ ಎಲ್ಲ ದೌರ್ಬಲ್ಯಗಳನ್ನೂ ಹೊರಗೆಡಹುತ್ತದೆ. ಕಡಿಮೆ ಗೇರಿನಲ್ಲಿ ನಿಧಾನವಾಗಿ ಏರುವಾಗ ಎಂಜಿನ್ ಹೆಚ್ಚು ಶಾಖ ಉಂಟುಮಾಡುತ್ತದೆ, ಆದರೆ ರೇಡಿಯೇಟರ್ ಮೂಲಕ ಹಾಯುವ ಗಾಳಿ ಕಡಿಮೆ. ಬೆಟ್ಟದ ತುದಿಯಲ್ಲಿ ನೀರು ಸುಮಾರು 95 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುವುದರಿಂದ, ಒತ್ತಡ ತಡೆಯುವ ಮುಚ್ಚಳವಿಲ್ಲದ ರೇಡಿಯೇಟರ್ ಬೇಗ ಕುದಿಯುತ್ತದೆ. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ತಕ್ಷಣ ತೆರೆದರೆ ಕುದಿನೀರು ಚಿಮ್ಮಿ ಸುಡುತ್ತದೆ. ಕಾರ್ಬ್ಯುರೇಟರಿಗೆ ಹೋಗುವ ಪೆಟ್ರೋಲ್ ಕೊಳವೆಯಲ್ಲಿಯೇ ಆವಿಯಾದರೆ ಎಂಜಿನ್ ನಿಂತುಹೋಗುತ್ತದೆ.

ಇಳಿಯುವಾಗ ಡ್ರಮ್ ಬ್ರೇಕುಗಳನ್ನು ಸತತವಾಗಿ ಒತ್ತಿದರೆ ಅವು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಏರಲು ಬಳಸಿದ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಚಾಲಕರ ನಿಯಮಕ್ಕೆ ಇದೇ ಕಾರಣ.

ಈ ಪ್ರದೇಶದ ಒಣ ಹವೆಯಲ್ಲಿ ಕರಾವಳಿಗಿಂತ ತುಕ್ಕು ನಿಧಾನ. ಆದರೆ ಇಲ್ಲಿಯ ಜನರು ಆಳದ ಕೊಳವೆಬಾವಿಗಳನ್ನೇ ಹೆಚ್ಚಾಗಿ ಆಶ್ರಯಿಸಿದ್ದಾರೆ. ಖನಿಜಗಳಿರುವ ಗಡಸು ನೀರನ್ನು ರೇಡಿಯೇಟರಿಗೆ ತುಂಬಿದರೆ ಒಳಗೆ ಗಸಿ ಕಟ್ಟಿ ಕೊಳವೆಗಳು ಮುಚ್ಚುತ್ತವೆ. ಭಟ್ಟಿ ಇಳಿಸಿದ ನೀರಿಗೆ ಕೂಲೆಂಟ್ ಬೆರೆಸಿ ಬಳಸುವುದು ಸೂಕ್ತ.

ಸುರಕ್ಷತೆ

ಜ್ಯಾಕ್ ಕೇವಲ ಎತ್ತುವ ಸಾಧನ. ಕಾರಿನಡಿ ಮಲಗುವ ಮುನ್ನ ಗಟ್ಟಿಯಾದ ಸ್ಟ್ಯಾಂಡ್‌ಗಳನ್ನು ಇಡಲೇಬೇಕು. ಇಟ್ಟಿಗೆ, ಟೊಳ್ಳು ಕಾಂಕ್ರೀಟ್ ಬ್ಲಾಕ್‌ಗಳು ಏಕಾಏಕಿ ಒಡೆಯುತ್ತವೆ. ಮುಚ್ಚಿದ ಕೊಠಡಿಯಲ್ಲಿ ಎಂಜಿನ್ ಓಡಿಸಿದರೆ ಬಣ್ಣ, ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿ ಪ್ರಾಣಾಪಾಯವಾಗುತ್ತದೆ. ಹಳೆಯ ಬ್ರೇಕ್ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್, ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದಾದ್ದರಿಂದ ಅವುಗಳ ಧೂಳನ್ನು ಊದದೆ, ಒದ್ದೆ ಬಟ್ಟೆಯಿಂದ ಒರೆಸಬೇಕು. ತಕ್ಕ ಮುಖಗವಸು ಧರಿಸಬೇಕು. ಭಾಗಗಳನ್ನು ಪೆಟ್ರೋಲಿನಿಂದ ತೊಳೆಯುವ ರೂಢಿ ಬೆಂಕಿಯ ಅಪಾಯಕ್ಕೆ ದಾರಿ.

ಸಂಗ್ರಹಾಲಯಗಳು

ಧರ್ಮಸ್ಥಳದ ಕಾರು ಸಂಗ್ರಹಾಲಯವು ರಾಜ್ಯದ ಪ್ರಸಿದ್ಧ ಸಾರ್ವಜನಿಕ ಸಂಗ್ರಹಗಳಲ್ಲೊಂದು. ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದಿಂದ ರೂಪುಗೊಂಡ 'ಪಯಣ' ಎಂಬ ಮತ್ತೊಂದು ಸಂಗ್ರಹಾಲಯವು ಶ್ರೀರಂಗಪಟ್ಟಣದ ಬಳಿ ಇದೆ. ಒಂದು ಮಾದರಿಯ ದೀಪ, ಹಿಡಿ, ಆಸನಗಳು ಮೂಲದಲ್ಲಿ ಹೇಗಿದ್ದವೆಂದು ಅರಿಯಲು ಹವ್ಯಾಸಿಗಳಿಗೆ ಇಂಥ ಸಂಗ್ರಹಗಳು ನೆರವಾಗುತ್ತವೆ.

ಇವನ್ನೂ ನೋಡಿ

* ಹಿಂದೂಸ್ಥಾನ್ ಅಂಬಾಸಿಡರ್
* ಪ್ರೀಮಿಯರ್ ಪದ್ಮಿನಿ
* ನಂದಿ ಬೆಟ್ಟ