ವಿಲಿಯಂ ಯೂಯಿಂಗ್ ಸಂಗ್ರಹ ಮತ್ತು ಬೀದಿ ಲಾವಣಿಗಳ ಉಳಿವು

ಜಾನಪದ ಅಧ್ಯಯನದ ಚರಿತ್ರೆಯಲ್ಲಿ ಹಾಡುಗಾರರಿಂದ ಕೇಳಿ ಬರೆದುಕೊಂಡ ಸಂಗ್ರಾಹಕರಿಗೆ ದೊರೆತ ಮನ್ನಣೆ, ಅಗ್ಗದ ಅಚ್ಚಿನ ಹಾಳೆಗಳನ್ನು ಕೊಂಡು ಕಾಪಾಡಿದವರಿಗೆ ದೊರೆತಿಲ್ಲ. ಸ್ಕಾಟ್ಲೆಂಡಿನ ವಿಲಿಯಂ ಯೂಯಿಂಗ್ (1788–1874) ಈ ಎರಡನೆಯ ಬಗೆಯವರು. ಗ್ಲಾಸ್ಗೋ ನಗರದಲ್ಲಿ ವಿಮಾ ವ್ಯವಹಾರ ನಡೆಸುತ್ತಿದ್ದ ಅವರು ಬೈಬಲ್ಲಿನ ಹಲವು ಮುದ್ರಣಗಳನ್ನೂ ಹಳೆಯ ಸಾಹಿತ್ಯ, ಸಂಗೀತ ಗ್ರಂಥಗಳನ್ನೂ ಜೀವನವಿಡೀ ಕೂಡಿಸಿದರು. 1451ರಲ್ಲಿ ಸ್ಥಾಪಿತವಾದ ಗ್ಲಾಸ್ಗೋ ವಿಶ್ವವಿದ್ಯಾಲಯವು 1870ರಲ್ಲಿ ಗಿಲ್ಮೋರ್‌ಹಿಲ್‌ನ ಹೊಸ ಕಟ್ಟಡಗಳಿಗೆ ಸ್ಥಳಾಂತರಗೊಂಡಿತ್ತು. ನಾಲ್ಕು ವರ್ಷಗಳ ತರುವಾಯ ಯೂಯಿಂಗ್ ಅವರ ಉಯಿಲಿನಂತೆ ಸಾವಿರಾರು ಸಂಪುಟಗಳು ಅದರ ಗ್ರಂಥಾಲಯವನ್ನು ಸೇರಿದವು.

ಈ ಕೊಡುಗೆಯಲ್ಲಿ ಜಾನಪದ ವಿದ್ವಾಂಸರಿಗೆ ಮುಖ್ಯವಾದುದು 408 ಇಂಗ್ಲಿಷ್ ಬೀದಿ ಲಾವಣಿಗಳ ಸಂಗ್ರಹ. ಇವುಗಳಲ್ಲಿ ಬಹುಪಾಲು ಹದಿನೇಳನೆಯ ಶತಮಾನದವು. ಒಂದೇ ಮಗ್ಗುಲಲ್ಲಿ ಅಚ್ಚಾದ ಬಿಡಿ ಹಾಳೆ, ದಪ್ಪನೆಯ ಹಳೆಯ ಅಕ್ಷರಗಳು, ಮರದಚ್ಚಿನ ಚಿತ್ರಗಳು ಇವುಗಳ ಸಾಮಾನ್ಯ ಲಕ್ಷಣ. ಸ್ವರಲಿಪಿಯ ಬದಲು ಜನರಿಗೆ ಪರಿಚಿತವಾದ ಯಾವುದೋ ಧಾಟಿಯ ಹೆಸರನ್ನಷ್ಟೇ ಮೇಲೆ ಸೂಚಿಸಲಾಗುತ್ತಿತ್ತು. ತಿರುಗುವ ವ್ಯಾಪಾರಿಗಳು ಬೀದಿ, ಸಂತೆಗಳಲ್ಲಿ ಹಾಡಿ ಮಾರುತ್ತಿದ್ದ ಈ ಹಾಳೆಗಳು ಪಾನಗೃಹಗಳ ಗೋಡೆಗೆ ಅಂಟಿಸಲ್ಪಟ್ಟು, ಕೈಯಿಂದ ಕೈಗೆ ದಾಟಿ ಹರಿದುಹೋಗುತ್ತಿದ್ದವು. ಉಳಿಯುವುದು ಅವುಗಳ ಸ್ವಭಾವವೇ ಆಗಿರಲಿಲ್ಲ.

ಆದ್ದರಿಂದ ಉಳಿದವು ಸಂಗ್ರಾಹಕರ ಆಸಕ್ತಿಯಿಂದಲೇ ಉಳಿದವು. ಸ್ಯಾಮ್ಯುಯೆಲ್ ಪೀಪ್ಸ್ ಕೂಡಿಸಿದ 1,800ಕ್ಕೂ ಹೆಚ್ಚು ಲಾವಣಿಗಳು ಕೇಂಬ್ರಿಜ್ಜಿನ ಮ್ಯಾಗ್ಡಲಿನ್ ಕಾಲೇಜಿನಲ್ಲಿವೆ. ಯೂಯಿಂಗ್ ಸಂಗ್ರಹ ಗಾತ್ರದಲ್ಲಿ ಇದಕ್ಕಿಂತ ಬಹಳ ಚಿಕ್ಕದು. ಆದರೆ ಸಂಗ್ರಾಹಕನ ಮರಣಾನಂತರ ಹರಾಜಿನಲ್ಲಿ ಚದುರಿಹೋಗದೆ ಸಾರ್ವಜನಿಕ ಅಧ್ಯಯನಕ್ಕೆ ದೊರೆತುದು ಇದರ ಹಿರಿಮೆ.

ಸಂಗೀತ ಗ್ರಂಥಗಳ ಗತಿ ಬೇರೆಯಾಯಿತು. ಅವು ಅದೇ ನಗರದ ಆಂಡರ್ಸನ್ ಕಾಲೇಜಿಗೆ ಸಂದು, 1936ರಲ್ಲಿ ಮಾತ್ರ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬಂದವು. ಒಬ್ಬನೇ ವ್ಯಕ್ತಿಯ ಆಸಕ್ತಿಯಲ್ಲಿ ಜೊತೆಗಿದ್ದ ಸಾಹಿತ್ಯವೂ ಸಂಗೀತವೂ ಆರು ದಶಕಗಳ ಕಾಲ ಎರಡು ಸಂಸ್ಥೆಗಳಲ್ಲಿ ಬೇರ್ಪಟ್ಟಿದ್ದವು. ಲಾವಣಿಯನ್ನು ಹಾಡಾಗಿ ಅಲ್ಲದೆ ಓದುವ ಪಠ್ಯವಾಗಿ ಕಾಣುವ ವಿದ್ವತ್ತಿನ ಅಭ್ಯಾಸಕ್ಕೂ ಇಂತಹ ವಿಂಗಡಣೆಗಳಿಗೂ ಹೋಲಿಕೆಯಿದೆ.

ಯೂಯಿಂಗ್ ಅವರ ನಂತರದ ದಶಕದಲ್ಲಿ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಅವರ 305 ಲಾವಣಿಗಳ ಸಂಕಲನ (1882–1898) ಪ್ರಕಟವಾಗತೊಡಗಿತು. ಬೀದಿಯ ಅಚ್ಚನ್ನು ಕೀಳೆಂದು ಬಗೆದ ಚೈಲ್ಡ್ ಅವರಿಗೂ ಅನೇಕ ಪಾಠಗಳಿಗೆ ಅದನ್ನೇ ಆಶ್ರಯಿಸಬೇಕಾಯಿತು. ಮೌಖಿಕ ಪರಂಪರೆ ಶುದ್ಧ, ಮುದ್ರಿತವಾದುದು ಕಲಬೆರಕೆ ಎಂಬ ನಿಲುವು ಇಂತಹ ಆಕರಗಳ ಮುಂದೆ ನಿಲ್ಲುವುದಿಲ್ಲ. ಹಾಡಿನಿಂದ ಅಚ್ಚಿಗೂ ಅಚ್ಚಿನಿಂದ ಹಾಡಿಗೂ ಲಾವಣಿ ನಿರಂತರವಾಗಿ ಸಂಚರಿಸಿದೆ.

ಜಾನ್ ಹಾಲೊವೆ ಅವರ ಪ್ರಸ್ತಾವನೆಯೊಡನೆ ಈ ಸಂಗ್ರಹವನ್ನು ವಿಶ್ವವಿದ್ಯಾಲಯವು 1971ರಲ್ಲಿ ಪ್ರಕಟಿಸಿತು. 2003ರಲ್ಲಿ ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಇಂಗ್ಲಿಷ್ ಬೀದಿ ಲಾವಣಿಗಳ ಗಣಕ ಭಂಡಾರದಲ್ಲಿ ಈ ಹಾಳೆಗಳ ಚಿತ್ರಗಳೂ ಸೇರಿವೆ. ಸಂಗ್ರಹಕ್ಕೆ ಯೂಯಿಂಗ್ ಅವರ ಹೆಸರು ಸ್ಥಿರವಾಗಿ ನಿಂತಿದೆ. ಹಾಳೆಗಳನ್ನು ಹಾಡಿ ಮಾರಿದವರ ಹೆಸರುಗಳು ಅವುಗಳ ಮೇಲಿಲ್ಲ. ಪೋಷಕನ ಔದಾರ್ಯವನ್ನು ಸ್ಮರಿಸುವಾಗ ಈ ಮೌನವನ್ನೂ ದಾಖಲಿಸುವುದು ಜಾನಪದ ಚರಿತ್ರೆಕಾರರ ಕರ್ತವ್ಯವಾಗಿದೆ.