ಕರ್ನಾಟಕ ಪೊಲೀಸ್: ಕಾರ್ಯಸಾಧನೆಯ ಅಳತೆ ಮತ್ತು ವರದಿ

ರಾಜ್ಯದ ಪೊಲೀಸ್ ಪಡೆ ತನ್ನ ಕೆಲಸವನ್ನು ಲೆಕ್ಕ ಹಾಕಿ ಸರ್ಕಾರಕ್ಕೂ ಜನರಿಗೂ ಒಪ್ಪಿಸುವ ಪದ್ಧತಿ. ಈ ಲೆಕ್ಕಕ್ಕೆ ಮೂಲ ಇಂದಿಗೂ ಠಾಣೆಯ ಪುಸ್ತಕವೇ. ಬಂದ ದೂರು, ಬಂಧಿತರ ಹೆಸರು, ವಶಪಡಿಸಿಕೊಂಡ ಆಯುಧ, ಸಾಕ್ಷಿಗಳು ಇವೆಲ್ಲವನ್ನೂ ದಿನಚರಿಯಲ್ಲಿ ಬರೆದಿಡಬೇಕೆಂದು 1861ರ ಪೊಲೀಸ್ ಕಾಯ್ದೆ ವಿಧಿಸಿತು. 1956ರ ಏಕೀಕರಣದಲ್ಲಿ ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಪ್ರದೇಶಗಳ ಪೊಲೀಸರು ಒಂದೇ ಇಲಾಖೆಗೆ ಸೇರಿದರು. 1963ರ ಕಾಯ್ದೆ ಅವರಿಗೆ ಸಮಾನ ಚೌಕಟ್ಟು ಕೊಟ್ಟಿತು. ಅಷ್ಟರಲ್ಲಿ ದೇಶದ ಮಟ್ಟದಲ್ಲಿ ‘ಕ್ರೈಮ್ ಇನ್ ಇಂಡಿಯಾ’ ಎಂಬ ವಾರ್ಷಿಕ ಸಂಪುಟ 1953ರ ಅಂಕಿಅಂಶಗಳೊಂದಿಗೆ ಆರಂಭವಾಗಿತ್ತು. 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಅದನ್ನು ಮುಂದುವರಿಸಿತು. ಠಾಣೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ, ಅಲ್ಲಿಂದ ದೆಹಲಿಗೆ ಅಂಕಿಗಳು ಹೋಗುವ ದಾರಿ ಹೀಗೆ ಗಟ್ಟಿಯಾಯಿತು. ಆದರೆ ದಾರಿಯ ಮೊದಲ ಮೆಟ್ಟಿಲಲ್ಲಿ ಪೆನ್ನು ಹಿಡಿದು ಕೂತವರು ಯಾರ ಕೆಲಸವನ್ನು ಅಳೆಯಬೇಕೋ ಅವರೇ. ಈ ಪದ್ಧತಿಯ ಇತಿಹಾಸದ ತೊಡಕೆಲ್ಲ ಇಲ್ಲಿಂದ ಹುಟ್ಟಿದ್ದು.

ತೊಡಕನ್ನು ನೋಡಲು ಠಾಣೆಯ ಮೇಜಿನ ತನಕ ಹೋದರೆ ಸಾಕು. ಬಸ್ಸಿನಲ್ಲಿ ಮೊಬೈಲ್ ಹೋಗಿದೆ ಎಂದು ದೂರು ಬಂತೆನ್ನಿ. ‘ಕಳವಾಗಿದೆ’ ಎಂದು ಬರೆದರೆ ಪ್ರಥಮ ವರ್ತಮಾನ ವರದಿ (ಎಫ್‌ಐಆರ್), ತನಿಖೆ, ಪತ್ತೆಯಾಗದ ಪ್ರಕರಣಗಳ ಸಾಲಿಗೆ ಇನ್ನೊಂದು. ‘ಕಳೆದುಹೋಗಿದೆ’ ಎಂದು ಬರೆದರೆ ಒಂದು ಹಿಂಬರಹದಲ್ಲಿ ಮುಗಿಯಿತು. ಒಂದು ಕ್ರಿಯಾಪದ ಬದಲಾದರೆ ಒಂದು ಅಪರಾಧವೇ ಇಲ್ಲವಾಗುತ್ತದೆ. ತಿಂಗಳ ಅಪರಾಧ ಪರಿಶೀಲನಾ ಸಭೆಯಲ್ಲಿ ಎಸ್‌ಪಿ ಕೇಳುವುದು ಎಷ್ಟು ದಾಖಲಾಯಿತು, ಎಷ್ಟು ಪತ್ತೆಯಾಯಿತು, ಎಷ್ಟು ಬಾಕಿ ಎಂದು. ದಾಖಲೆ ಕಡಿಮೆಯಾದಷ್ಟೂ ಪತ್ತೆಯ ಶೇಕಡಾವಾರು ಏರುತ್ತದೆ. ಇನ್ಸ್‌ಪೆಕ್ಟರ್ ಅಪ್ರಾಮಾಣಿಕನಾಗಿರಬೇಕಿಲ್ಲ, ಗಣಿತ ಬಲ್ಲವನಾದರೂ ಸಾಕು. ಹೀಗೆ ಅಪರಾಧವನ್ನು ಮುಚ್ಚಿಡುವುದಕ್ಕೆ ಭಾರತದ ಪೊಲೀಸ್ ಆಡುಮಾತಿನಲ್ಲಿ ‘ಬರ್ಕಿಂಗ್’ ಎಂಬ ಹೆಸರೇ ಇದೆ. ಗುರುತು ಉಳಿಯದಂತೆ ಉಸಿರುಗಟ್ಟಿಸಿ ಕೊಲ್ಲುತ್ತಿದ್ದ, 1829ರಲ್ಲಿ ಎಡಿನ್‌ಬರೋದಲ್ಲಿ ಗಲ್ಲಿಗೇರಿದ ಬರ್ಕ್ ಎಂಬವನಿಂದ ಬಂದ ಪದ ಅದು. ಹೆಸರಿಟ್ಟವರಿಗೆ ವ್ಯಂಗ್ಯ ಗೊತ್ತಿತ್ತು.

ನ್ಯಾಯಾಲಯ ಇದಕ್ಕೆ ಮದ್ದು ಹುಡುಕಿದೆ. ಸಂಜ್ಞೇಯ, ಅಂದರೆ ವಾರಂಟ್ ಇಲ್ಲದೆ ಬಂಧಿಸಬಹುದಾದ, ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲಿ ಹೇಳಿತು. ಕೆಲವು ಬಗೆಯ ಪ್ರಕರಣಗಳಲ್ಲಿ ಮಾತ್ರ ಪ್ರಾಥಮಿಕ ವಿಚಾರಣೆಗೆ ಅವಕಾಶ ಉಳಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಠಾಣೆಯ ಸರಹದ್ದು ಯಾವುದೇ ಇರಲಿ, ದೂರು ಪಡೆಯಬೇಕೆಂದಿತು. ಇವೆಲ್ಲ ದಾಖಲೆಯನ್ನು ಪ್ರಾಮಾಣಿಕಗೊಳಿಸುವ ಕ್ರಮಗಳು. ಆದರೆ ದಾಖಲೆ ಪ್ರಾಮಾಣಿಕವಾದೊಡನೆ ಅಪರಾಧ ‘ಹೆಚ್ಚುತ್ತದೆ’.

ಇದಕ್ಕೆ ಬೆಂಗಳೂರಿನ ಸೈಬರ್ ಅಪರಾಧಗಳಿಗಿಂತ ಒಳ್ಳೆಯ ಉದಾಹರಣೆ ಸಿಗದು. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಇಲ್ಲಿ 2001ರಲ್ಲಿ ಆರಂಭವಾಯಿತು. 2019ರಲ್ಲಿ ಕರ್ನಾಟಕದಲ್ಲಿ 12,020 ಸೈಬರ್ ಪ್ರಕರಣಗಳು ದಾಖಲಾದವು. ಅವುಗಳಲ್ಲಿ 10,555 ಬೆಂಗಳೂರು ನಗರವೊಂದರಲ್ಲೇ. ದೇಶದ ಒಟ್ಟು ಸಂಖ್ಯೆ 44 ಸಾವಿರ ಚಿಲ್ಲರೆ. ಆ ವರ್ಷದ ಕೊನೆಯಲ್ಲಿ ನಗರದ ಸೈಬರ್ ಠಾಣೆಯ ತಂತ್ರಾಂಶ ನಾಲ್ಕು ಅಂಕಿಯ ಎಫ್‌ಐಆರ್ ಸಂಖ್ಯೆಯನ್ನಷ್ಟೇ ಬಲ್ಲುದು, 9,999 ದಾಟಲಾರದೆ ನಿಂತಿದೆ ಎಂದು ಪತ್ರಿಕೆಗಳು ಬರೆದವು. ನಂತರ ನಗರದ ವಿಭಾಗಗಳಿಗೆ ಪ್ರತ್ಯೇಕ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗಳು ಬಂದವು. ದೇಶದ ಸೈಬರ್ ವಂಚನೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕರ್ನಾಟಕದಲ್ಲೇ ನಡೆಯಿತೆಂದು ನಂಬುವುದು ಕಷ್ಟ. ತಂತ್ರಜ್ಞಾನದ ಊರಲ್ಲಿ ವಂಚನೆ ಹೆಚ್ಚಿರಬಹುದು ನಿಜ. ಆದರೆ ಇಲ್ಲಿ ದೂರು ಕೊಡಲು ಒಂದು ಬಾಗಿಲಿತ್ತು, ಒಳಗೆ ಬರೆದುಕೊಳ್ಳುವವರಿದ್ದರು ಎನ್ನುವುದೂ ಆ ಸಂಖ್ಯೆಯಲ್ಲಿ ಸೇರಿದೆ. ದಾಖಲೆ ಏರಿದ್ದನ್ನೇ ಅಪರಾಧ ಏರಿತೆಂದು ಓದಬಾರದೆಂದು ಬ್ಯೂರೊ ತನ್ನ ಸಂಪುಟಗಳಲ್ಲೇ ಎಚ್ಚರಿಸುತ್ತದೆ. ಪತ್ರಿಕೆಗಳ ತಲೆಬರಹಕ್ಕೆ ಅದು ತಲುಪುವುದಿಲ್ಲ.

ಹಾಗೆಂದು ಸಂಖ್ಯೆಯನ್ನೇ ಕೈಬಿಟ್ಟರೆ ಪೊಲೀಸರನ್ನು ಪ್ರಶ್ನಿಸುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದು. ಪರ್ಯಾಯವಾಗಿ ಇಲಾಖೆ ಮುಂದಿಡುವುದು ಬಹುಮಟ್ಟಿಗೆ ಪ್ರದರ್ಶನ. ಪತ್ತೆಯಾದ ಕಳವು ಮಾಲನ್ನು ತೋರಿಸುವ ‘ಪ್ರಾಪರ್ಟಿ ಪರೇಡ್’ನಲ್ಲಿ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಚಿನ್ನದ ಸರಗಳು, ಪಕ್ಕದಲ್ಲಿ ಸಾಲಾಗಿ ನಿಂತ ಬೈಕುಗಳು. ವಾರಸುದಾರರಿಗೆ ಅದು ನಿಜವಾದ ಸಂತೋಷ. ಸಿಗದೆ ಹೋದ ಸರಗಳಿಗೆ ಮೇಜಿಲ್ಲ. ಬೆಂಗಳೂರಿನ ಠಾಣೆಗಳಲ್ಲಿ ಕ್ಯೂಆರ್ ಕೋಡ್ ಮೂಲಕ ಅಭಿಪ್ರಾಯ ಕೇಳುವ ‘ಲೋಕಸ್ಪಂದನ’ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ, ಆದರೆ ಠಾಣೆಯ ಮೆಟ್ಟಿಲು ಹತ್ತದವರ ಮಾತು ಅದಕ್ಕೂ ಕೇಳಿಸದು. ತನಿಖೆಯ ಕೊನೆಯ ವರದಿಯನ್ನು ನ್ಯಾಯಾಲಯ ನೋಡುತ್ತದಲ್ಲ ಎಂಬುದು ಇನ್ನೊಂದು ವಾದ. ಸುಳ್ಳು ದೂರೆಂಬ ‘ಬಿ’ ರಿಪೋರ್ಟನ್ನು, ಪತ್ತೆಯಾಗದ ‘ಸಿ’ ರಿಪೋರ್ಟನ್ನು ಮ್ಯಾಜಿಸ್ಟ್ರೇಟರು ಪರಿಶೀಲಿಸುವುದು ಹೌದು. ಆದರೆ ಅವೂ ಬರೆದ ಪ್ರಕರಣಗಳೇ. ಬರೆಯದೇ ಬಿಟ್ಟದ್ದು ನ್ಯಾಯಾಧೀಶರ ಕಣ್ಣಿಗೂ ಬೀಳದು.

ಹಾಗಾಗಿ ಅಳತೆಗೋಲು ಠಾಣೆಯ ಹೊರಗಿರಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1982ರಿಂದ ಮನೆಮನೆಗೆ ಹೋಗಿ ಅಪರಾಧಕ್ಕೆ ತುತ್ತಾದಿರಾ ಎಂದು ಕೇಳುವ ಸಮೀಕ್ಷೆ ನಡೆಯುತ್ತಿದೆ. ಪೊಲೀಸರ ದಾಖಲೆಯನ್ನು ಹೊರಗಿನ ಪರಿವೀಕ್ಷಕರೂ ತಪಾಸಣೆ ಮಾಡುತ್ತಾರೆ. 2014ರಲ್ಲಿ ಅವರು ನೋಡಿದಾಗ, ದಾಖಲಾಗಬೇಕಿದ್ದ ಅಪರಾಧಗಳಲ್ಲಿ ಶೇ 19ರಷ್ಟು ದಾಖಲಾಗಿಯೇ ಇರಲಿಲ್ಲ. ಗ್ರೇಟರ್ ಮ್ಯಾಂಚೆಸ್ಟರ್ ಪಡೆಯೊಂದೇ 2020ರ ಜೂನ್‌ಗೆ ಮುಗಿದ ವರ್ಷದಲ್ಲಿ ಸುಮಾರು 80,000 ಅಪರಾಧಗಳನ್ನು ದಾಖಲಿಸದೆ ಬಿಟ್ಟಿತ್ತು. ಆ ಡಿಸೆಂಬರಿನಲ್ಲಿ ಅದರ ಮುಖ್ಯಸ್ಥರು ಹುದ್ದೆ ಬಿಟ್ಟರು. ಹೊರಗಿನ ಕಣ್ಣಿದ್ದೂ ಇಷ್ಟು ತಪ್ಪಿತು ಎಂದು ಹೇಳಬಹುದು. ಹೊರಗಿನ ಕಣ್ಣಿದ್ದುದರಿಂದಲೇ ತಪ್ಪಿದ್ದೆಷ್ಟು ಎಂದು ತಿಳಿಯಿತು. ಭಾರತದಲ್ಲಿ ಖಾಸಗಿ ಸಂಸ್ಥೆಗಳು ಬೆಂಗಳೂರೂ ಸೇರಿ ಕೆಲವು ನಗರಗಳಲ್ಲಿ ಇಂಥ ಸಮೀಕ್ಷೆ ನಡೆಸಿವೆ. ಪ್ರತಿವರ್ಷ ನಡೆಯುವ ಸರ್ಕಾರಿ ಸಮೀಕ್ಷೆ ದೇಶದಲ್ಲಿ ಇನ್ನೂ ಇಲ್ಲ, ಕರ್ನಾಟಕದಲ್ಲೂ ಇಲ್ಲ.